ಮೂವತ್ತೊಂದು ಗೊಂಚಲುಗಳು

ಮಾರ್ಚ್ 3, ಸೋಮವಾರ

ಪತ್ರಿಕೆಯಲ್ಲಿ ನನ್ನ ಪತ್ರ ಬಂದಿದೆ. ಬಂದಿದೆ ಅನ್ನುವುದಕ್ಕಿಂತ ಅದರ ಅವಶೇಷ ಬಂದಿದೆ ಅನ್ನಬೇಕು. ಆರು ಪ್ಯಾರಾ ಕಳಿಸಿದ್ದೆ, ಒಂದೂವರೆ ಉಳಿಸಿದ್ದಾರೆ. ಆ ಒಂದೂವರೆಯಲ್ಲಿ ನಾಲ್ಕು ಅಚ್ಚಿನ ತಪ್ಪು. ಇದೇ ಪತ್ರಿಕೆಯಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು ನಾನು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದಂತೆ. ಮಾಡುತ್ತಿರುವುದು ಕಾಣುತ್ತಲೇ ಇದೆ.

ನಾನು ಬರೆದಿದ್ದು ಇಷ್ಟೆ. ವಿಶ್ವದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇರುವುದು 'ಕಪ್ಪು ಶಕ್ತಿ' ಎಂದು ವಿಜ್ಞಾನಿಗಳು ಹೇಳುತ್ತಾರೆ. ಅದೇನು ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಗೊತ್ತಿರುವವರಂತೆ ಓಡಾಡುವುದು ರಾಜಕಾರಣಿಗಳ ಕೆಲಸ. ವಿಜ್ಞಾನಿಗಳಿಗೂ ಈ ಚಾಳಿ ಯಾವಾಗ ಅಂಟಿತು?

ತಿಂಡಿಯ ಹೊತ್ತಿಗೆ ಹೆಂಡತಿ ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಸೊಸೆ ಮಾಡೋ ಕೆಲಸಾನೇ ಅದು. ಅವಳು ಹಚ್ಚಿಕೊಟ್ಟ ಬ್ರೆಡ್ಡು ತಿನ್ತಾ ಅವಳನ್ನೇ ಪೇಪರಲ್ಲಿ ಬೈತೀರಲ್ಲ, ನಿಮಗೆ ಏನನ್ನಬೇಕು?"

"ನಾನು ವ್ಯಕ್ತಿಯನ್ನು ಬೈದಿಲ್ಲ. ಪ್ರವೃತ್ತಿಯನ್ನು ಬೈದಿದ್ದೇನೆ."

ಸೊಸೆ ಪತ್ರವನ್ನು ಎರಡು ಸಲ ಓದಿದಳು. ಸಿಟ್ಟಾಗುತ್ತಾಳೆ ಅಂದುಕೊಂಡೆ. "ಎರಡನೇ ಸಾಲು ಸರಿಯಾಗಿದೆ ಮಾವ. ನಮಗೆ ನಿಜವಾಗ್ಲೂ ಗೊತ್ತಿಲ್ಲ. ಅದಕ್ಕೇ ದಿನಾ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋದು" ಅಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಹೀಗೆ ಒಪ್ಪಿಕೊಂಡುಬಿಡುವವರ ಹತ್ತಿರ ಜಗಳ ಆಡುವುದು ಹೇಗೆ?

ಮಾರ್ಚ್ 5, ಬುಧವಾರ

ಅತ್ತೆ ಸೊಸೆ ಸೇರಿ ನನ್ನ ವಿರುದ್ಧ ಪಿತೂರಿ ಹೂಡಿದ್ದಾರೆ. ಮಗ ಕೂಡ ಸೇರಿದ್ದಾನೆಂದು ಅನುಮಾನ. ಊಟ ಮಾಡುವಾಗ ತಟ್ಟೆ ಬಿಟ್ಟು ತಲೆ ಎತ್ತಲಿಲ್ಲ.

ಸೊಸೆಯ ಕಚೇರಿಯಲ್ಲಿ ಆಕಾಶದ ಚಿತ್ರಗಳನ್ನು ಕಣ್ಣಲ್ಲಿ ನೋಡಿ ಪರೀಕ್ಷಿಸುವ ಇಬ್ಬರು ಬೇರೆ ಕೆಲಸ ಸಿಕ್ಕಿ ಹೋದರಂತೆ. ಒಂಬತ್ತು ಸಾವಿರದ ಇನ್ನೂರ ಹದಿನಾಲ್ಕು ಚಿತ್ರಗಳಲ್ಲಿ ಮೂರು ಸಾವಿರ ಬಾಕಿ ಇವೆಯಂತೆ. "ತಪ್ಪು ಹುಡುಕೋ ಕಣ್ಣು ಬೇಕು ಮಾವ. ನಿಮ್ಮಂಥ ಕಣ್ಣು ನಮ್ಮಲ್ಲಿ ಯಾರಿಗೂ ಇಲ್ಲ."

"ಹೋಗಿ ಬನ್ನಿ" ಅಂದಳು ಹೆಂಡತಿ. "ನಿವೃತ್ತರಾಗಿ ನಾಲ್ಕು ತಿಂಗಳಿಂದ ಸಾಬೂನಿನ ಕಾಗದದ ಮೇಲೂ ಕೆಂಪು ಶಾಯಿಯಲ್ಲಿ ತಿದ್ದುತ್ತಾ ಕೂತಿದ್ದೀರಿ. ನನಗೂ ಸ್ವಲ್ಪ ಉಸಿರಾಡೋಕೆ ಬಿಡಿ."

ಒಳಗಿನ ಹುಳುಕನ್ನು ಒಳಗೇ ಹೋಗಿ ನೋಡುವುದು ನಾಗರಿಕನ ಹಕ್ಕು. ಆ ಒಂದೇ ಕಾರಣಕ್ಕೆ ಒಪ್ಪಿದ್ದೇನೆ.

ಮಾರ್ಚ್ 6, ಗುರುವಾರ

ಮೂರನೇ ಮಹಡಿ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಚೀಟಿ. ಅದರ ಮೇಲಿನ ದಿನಾಂಕ ಎರಡು ವರ್ಷ ಹಳೆಯದು. ದೂರುಪುಸ್ತಕ ಕೇಳಿದೆ. ಅದೂ ದುರಸ್ತಿಗೆ ಹೋಗಿದೆ ಎಂದು ಕಾವಲುಗಾರ ನಗಾಡಿದ. ಅವನ ಮುಖವನ್ನು ನೆನಪಿಟ್ಟುಕೊಂಡಿದ್ದೇನೆ.

ದುರ್ಬೀನು ಇರುತ್ತದೆಂದು ಭಾವಿಸಿದ್ದೆ. ಇಲ್ಲ. ಐದು ಮೇಜು, ನೀರು ಕಾಯಿಸುವ ಕೆಟಲು, ಕಾರು ನಿಲ್ಲಿಸುವ ಶೆಡ್ಡು ಕಾಣುವ ಒಂದು ಕಿಟಕಿ. ಆಕಾಶವೇ ಕಾಣುವುದಿಲ್ಲ! ಎಲ್ಲೋ ಬೆಟ್ಟದ ಮೇಲಿನ ದುರ್ಬೀನು ಚಿತ್ರ ಕಳಿಸುತ್ತದೆ, ಇವರು ಬೆಳಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಮನೆಗೆ ಹೋಗುತ್ತಾರೆ. ನಮ್ಮ ಪುರಸಭೆಯವರಿಗಿಂತ ಶಿಸ್ತಿನಿಂದ ಹೋಗುತ್ತಾರೆ ಅನ್ನುವುದನ್ನು ಮಾತ್ರ ಒಪ್ಪಬೇಕು.

ಮುಖ್ಯಸ್ಥೆ ನನಗಿಂತ ಐದಾರು ವರ್ಷ ಚಿಕ್ಕವರು. ಸಭೆಯಲ್ಲಿ ಕೂತಾಗಲೂ ಉಣ್ಣೆಯ ಸ್ವೆಟರ್ ಹೆಣೆಯುತ್ತಾರೆ. ಮನಸ್ಸಿನಲ್ಲೇ ಹೆಣಿಗೆಯಮ್ಮ ಎಂದು ಹೆಸರಿಟ್ಟಿದ್ದೇನೆ.

ಸೊಸೆ ವಿವರಿಸಿದಳು. ಗ್ಯಾಲಕ್ಸಿಗಳು ಒಂಟಿಯಾಗಿ ಇರುವುದಿಲ್ಲ; ಗುರುತ್ವ ಅವನ್ನು ಎಳೆದು ಗೊಂಚಲು ಕಟ್ಟುತ್ತದೆ. ಒಂದು ಗೊಂಚಲಿನಲ್ಲಿ ನೂರಾರು ಗ್ಯಾಲಕ್ಸಿ. ಆದರೆ ಅವು ಇರುವ ಜಾಗವೇ ಹಿಗ್ಗುತ್ತಿದೆ, ಹಿಗ್ಗುವ ವೇಗ ಹೆಚ್ಚುತ್ತಲೂ ಇದೆ. ಹಿಗ್ಗಿಸುವ ಆ ಏನೋ ಒಂದಕ್ಕೆ ಇಟ್ಟ ಹೆಸರೇ ಕಪ್ಪು ಶಕ್ತಿ. "ಒಂದು ಕಡೆ ಎಳೆಯೋರು, ಇನ್ನೊಂದು ಕಡೆ ಹಿಗ್ಗಿಸೋರು. ಹಗ್ಗಜಗ್ಗಾಟ. ದೂರದ ಬೆಳಕು ಅಂದ್ರೆ ಹಳೇ ಬೆಳಕು ಮಾವ. ಯಾವ ಕಾಲದಲ್ಲಿ ಎಷ್ಟು ಗೊಂಚಲು ಇದ್ದವು ಅಂತ ಎಣಿಸಿದ್ರೆ, ಯಾವಾಗ ಯಾರ ಕೈ ಮೇಲಿತ್ತು ಅಂತ ಗೊತ್ತಾಗುತ್ತೆ. ಆ ಏನೋ ಒಂದು ಆಗಲೂ ಇಷ್ಟೇ ಬಲವಾಗಿತ್ತಾ, ಬದಲಾಗ್ತಾ ಬಂತಾ? ಆರು ವರ್ಷದಿಂದ ನಾನು ಕೇಳ್ತಿರೋದು ಇದೊಂದೇ ಪ್ರಶ್ನೆ."

ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಿದೆ. "ಅಂದ್ರೆ ಮನೆ ದೊಡ್ಡದಾಗ್ತಾ ಹೋದ್ರೆ ಜನ ಒಂದೇ ಕೋಣೇಲಿ ಸೇರೋದು ಕಡಿಮೆಯಾಗುತ್ತೆ ಅಂತ ತಾನೆ? ಇದಕ್ಕೆ ದುರ್ಬೀನು ಯಾಕೆ ಬೇಕು?" ಅಂದಳು.

ಮಾರ್ಚ್ 12, ಬುಧವಾರ

ಗೊಂಚಲುಗಳನ್ನು ಮೊದಲು ಯಂತ್ರ ಹುಡುಕುತ್ತದೆ. ಆದರೆ ಯಂತ್ರ ಮೋಸ ಹೋಗುತ್ತದೆ. ಉರಿಯುವ ನಕ್ಷತ್ರವೊಂದರ ಪ್ರಭೆಯನ್ನೋ ಉಪಗ್ರಹ ಹಾದುಹೋದ ಗೀಟನ್ನೋ ಗೊಂಚಲು ಎಂದುಕೊಳ್ಳುತ್ತದೆ. ನಾನು ನೋಡಿ ಸರಿ, ತಪ್ಪು, ಅನುಮಾನ ಎಂದು ಗುರುತು ಹಾಕಬೇಕು. ಯಂತ್ರದ ತಪ್ಪು ಹಿಡಿಯಲು ನನ್ನನ್ನು ಕರೆದಿದ್ದಾರೆ! ಪತ್ರಿಕೆಯವರು ಬಂದು ನೋಡಲಿ.

ದಿನಕ್ಕೆ ನೂರು ಚಿತ್ರ. ಹಳೆಯ ಅಭ್ಯಾಸದಂತೆ ದಪ್ಪ ರಟ್ಟಿನ ಪುಸ್ತಕದಲ್ಲಿ ಪ್ರತಿ ತಿದ್ದುಪಡಿಗೂ ಸಂಖ್ಯೆ, ಕಾರಣ, ವೇಳೆ, ಸಹಿ. ಕಂಪ್ಯೂಟರಿನಲ್ಲೇ ಎಲ್ಲ ಉಳಿಯುತ್ತದೆ ಎಂದರು. ಉಳಿಯಲಿ, ನನ್ನದೂ ಉಳಿಯಲಿ.

ಇವರಲ್ಲಿ ಒಂದು ಪದ್ಧತಿ ಇದೆ. ಬರೆದಿಡಲೇಬೇಕು. ಲೆಕ್ಕದ ಉತ್ತರವನ್ನು ಇವರು ತಾವೇ ತಮ್ಮಿಂದ ಮುಚ್ಚಿಡುತ್ತಾರೆ. ಪಟ್ಟಿ ಬದಲಾದ ಹಾಗೆಲ್ಲ ಯಂತ್ರ ಉತ್ತರ ಕಂಡುಹಿಡಿದು ಬೀಗ ಹಾಕಿದ ಕಡತದಲ್ಲಿ ಇಡುತ್ತದೆ. ಯಂತ್ರ ಕೆಟ್ಟು ಕೂತಿಲ್ಲವಷ್ಟೆ ಎಂದು ಇಣುಕಿ ನೋಡುವ ಅಧಿಕಾರ ಒಬ್ಬನಿಗೆ ಮಾತ್ರ. ಅವನು ಪಕ್ಕದ ಕಟ್ಟಡದ ಸಂಖ್ಯಾಶಾಸ್ತ್ರಜ್ಞ. ಮುಖ ನೋಡಿ ಉತ್ತರ ಊಹಿಸಿಬಿಟ್ಟಾರು ಎಂದು ಅವನು ಒಬ್ಬನೇ ಊಟ ಮಾಡುತ್ತಾನೆ. ಹಾಡು ಗುನುಗಬಾರದು ಎಂದೂ ಹೇಳಿದ್ದಾರಂತೆ. ಖುಷಿಯ ರಾಗ ಗುನುಗಿದರೆ ಕೆಲಸ ಕೆಟ್ಟಿತು. ಎಲ್ಲರೂ ಅವನನ್ನು ಮೌನಿ ಎನ್ನುತ್ತಾರೆ. ಏಪ್ರಿಲ್ 28ರಂದು ಮುಚ್ಚಳ ತೆಗೆಯುತ್ತಾರೆ. ತೆಗೆದ ಮೇಲೆ ಪಟ್ಟಿಯನ್ನಾಗಲಿ ಲೆಕ್ಕವನ್ನಾಗಲಿ ಯಾರೂ ಮುಟ್ಟುವಂತಿಲ್ಲ. ಬಂದ ಉತ್ತರವನ್ನು ಬಂದ ಹಾಗೆಯೇ ಲೋಕಕ್ಕೆ ಹೇಳಬೇಕು.

"ಯಾಕಮ್ಮ ಈ ಕಣ್ಣಾಮುಚ್ಚಾಲೆ?" ಎಂದು ಕೇಳಿದೆ.

"ಉತ್ತರ ಮೊದಲೇ ಕಂಡ್ರೆ ಮಾವ, ಇಷ್ಟ ಆಗದೇ ಇದ್ದಾಗ ಮಾತ್ರ ತಪ್ಪು ಹುಡುಕ್ತೀವಿ. ಇಷ್ಟ ಆದ್ರೆ ಅಲ್ಲಿಗೇ ನಿಲ್ಲಿಸ್ತೀವಿ. ಮನುಷ್ಯರಲ್ವಾ?"

ನನಗೆ ನೆನಪಿರುವಷ್ಟು ವರ್ಷಗಳಲ್ಲಿ ಯಾವ ಇಲಾಖೆ, ಯಾವ ಆಯೋಗ, ಯಾವ ಸಮಿತಿಯೂ ಇಂಥದೊಂದು ನಿಯಮವನ್ನು ತನಗೆ ತಾನೇ ಹಾಕಿಕೊಂಡಿದ್ದಿಲ್ಲ. ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡಿದ ವರದಿಗಳನ್ನು ನಾನೇ ಎಷ್ಟು ತಿದ್ದಿದ್ದೇನೆ!

ಮಾರ್ಚ್ 20, ಗುರುವಾರ

ಇವತ್ತು ದೊಡ್ಡ ಬೇಟೆ.

ಅಚ್ಚುಮನೆಯಲ್ಲಿ ಎಲ್ಲಕ್ಕಿಂತ ನಾಚಿಕೆಗೇಡಿನ ತಪ್ಪು ಯಾವುದು ಎಂದರೆ ಒಂದೇ ಸುದ್ದಿ ಎರಡು ಕಡೆ ಅಚ್ಚಾಗುವುದು. ಅದರ ವಾಸನೆ ನನಗೆ ಮೈಲಿ ದೂರದಿಂದ ಬರುತ್ತದೆ. ಈ ಪಟ್ಟಿಯಲ್ಲೂ ಅದೇ ವಾಸನೆ. ಆಕಾಶದಲ್ಲಿ ಒಂದೇ ಜಾಗ, ಸಂಖ್ಯೆ ಮಾತ್ರ ಎರಡು. ಚಿತ್ರ ತೆರೆದರೆ ಅದೇ ಬೆಳಕು, ಅದೇ ಚುಕ್ಕಿಗಳು. ಒಂದೇ ಗೊಂಚಲನ್ನು ಯಂತ್ರ ಎರಡು ಸಲ ಎಣಿಸಿದೆ! ಹುಡುಕುತ್ತ ಹೋದರೆ ಅಂಥವು ಮೂವತ್ತನಾಲ್ಕು ಸಿಕ್ಕವು. ಪ್ರತಿ ಜೋಡಿಯಲ್ಲಿ ಎರಡನೆಯದಕ್ಕೆ ಅಡ್ಡಗೆರೆ ಎಳೆದು 'ಪುನರಾವೃತ್ತಿ' ಎಂದು ಬರೆದೆ.

ಸೊಸೆ ಒಂದು ವಾರ ದುರ್ಬೀನಿನ ಬೆಟ್ಟಕ್ಕೆ ಹೋಗಿದ್ದಾಳೆ. ಹೆಣಿಗೆಯಮ್ಮನಿಗೆ ತೋರಿಸಿದೆ. ಸೂಜಿ ನಿಲ್ಲಿಸಿ, "ಖಚಿತವಾ?" ಅಂದರು. "ಮೂವತ್ತೆಂಟು ವರ್ಷ" ಅಂದೆ. ಅವರು ಸಹಿ ಹಾಕಿದರು.

ಬರುವಾಗ ಕಾವಲುಗಾರನಿಗೆ ನಾನೇ ಮೊದಲು ನಮಸ್ಕಾರ ಹೇಳಿದೆ.

ಏಪ್ರಿಲ್ 9, ಬುಧವಾರ

ಕ್ಷೌರಿಕನ ಜತೆ ಜಗಳ.

ಕತ್ತರಿ ಆಡಿಸುತ್ತ, "ಸಾರ್, ನಿಮ್ಮ ಪತ್ರ ಓದಿದೆ. ಚೆನ್ನಾಗಿ ಝಾಡಿಸಿದ್ದೀರಿ. ಕಾಣದೇ ಇರೋದಕ್ಕೆ ಹೆಸರಿಟ್ಟುಕೊಂಡು ಕೂತಿದ್ದಾರೆ" ಅಂದ.

"ಕಾಣದಿದ್ದರೆ ಏನಾಯಿತು? ಗಾಳಿ ಕಾಣುತ್ತದೆಯೇ? ಪರದೆ ಅಲುಗಾಡುವುದು ಕಾಣುತ್ತದೆ. ನಾವು ಅಳೆಯುತ್ತಿರುವುದು ಪರದೆಯನ್ನು" ಅಂದೆ.

"ನೀವೇ ಬರೆದಿದ್ದೀರಲ್ಲ ಸಾರ್, ಗೊತ್ತಿಲ್ಲದ್ದಕ್ಕೆ…"

"ಅರ್ಧಂಬರ್ಧ ಓದಿಕೊಂಡು ಮಾತಾಡಬಾರದು!"

"ಪೂರ್ತಿ ಓದಿದೀನಿ ಸಾರ್. ಇದ್ದಿದ್ದೇ ಅಷ್ಟು."

ಅವಸರದಲ್ಲಿ ಎದ್ದು ಬಂದೆ. ಬಲಗಿವಿಯ ಮೇಲೆ ಸ್ವಲ್ಪ ಉಳಿದಿದೆ ಎಂದು ಹೆಂಡತಿ ಹೇಳುತ್ತಾಳೆ. ಜನಕ್ಕೆ ವಿಜ್ಞಾನದ ಬಗ್ಗೆ ಇಷ್ಟು ತಾತ್ಸಾರ ಎಲ್ಲಿಂದ ಬರುತ್ತದೋ! ಇಂಥ ಪತ್ರಗಳನ್ನು ಪ್ರಕಟಿಸುವ ಪತ್ರಿಕೆಗಳನ್ನು ಮೊದಲು ಕೇಳಬೇಕು.

ಏಪ್ರಿಲ್ 17, ಗುರುವಾರ

ನನ್ನ ಭಾಗ ಮುಗಿಯಿತು. ಮೂರು ಸಾವಿರದ ಎಂಟು ಚಿತ್ರ. ಇನ್ನು ಹನ್ನೊಂದು ದಿನಕ್ಕೆ ಮುಚ್ಚಳ ತೆಗೆಯುತ್ತಾರೆ. ಮೇ ಎರಡರಂದು ದೊಡ್ಡ ಸಮ್ಮೇಳನ. ಜಗತ್ತಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿ ನಮ್ಮ ಉತ್ತರವನ್ನು ಸೊಸೆ ಹೇಳುತ್ತಾಳೆ. ಇದೇ ಪ್ರಶ್ನೆ ಹಿಡಿದಿರುವ ಇನ್ನೊಂದು ತಂಡವೂ ಅಲ್ಲಿಗೆ ಬರುತ್ತದೆ, ಆದರೆ ಅವರ ಸರದಿ ನಮ್ಮ ನಂತರ. ಆರು ವರ್ಷ ದುಡಿದ ಮೇಲೆ ಮೊದಲು ಬಾಯಿ ಬಿಡುವವರು ನಾವೇ.

ಸೊಸೆ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುತ್ತಾಳೆ. ಉತ್ತರ ಬರುವ ಕಡೆ "ಡ್ಯಾಶ್, ಡ್ಯಾಶ್" ಅನ್ನುತ್ತಾಳೆ. ಮಗ ಟಿಫಿನ್ ಡಬ್ಬಿಗಳನ್ನು ಸಾಲಾಗಿಟ್ಟು ಸಭಿಕರೆಂದು ಕೂರಿಸಿದ್ದಾನೆ.

ಏಪ್ರಿಲ್ 22, ಮಂಗಳವಾರ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಎದುರಿಗೆ ನೀರಿನ ಟ್ಯಾಂಕು, ಅದರ ತಲೆಯ ಮೇಲೆ ಕಬ್ಬಿಣದ ಕಂಬ. ಟ್ಯಾಂಕಿನ ಮೇಲೆ ಕಂಬ ನೆಟ್ಟ ಮೂರ್ಖ ಯಾರು, ಯಾವ ಇಲಾಖೆಗೆ ಬರೆಯಬೇಕು ಎಂದು ಯೋಚಿಸುತ್ತಿದ್ದೆ. ಬಸ್ಸು ತಿರುಗಿತು. ಕಂಬ ಟ್ಯಾಂಕಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಅದು ಅರ್ಧ ಮೈಲಿ ಹಿಂದೆ, ಬೇರೆಯೇ ಬೀದಿಯಲ್ಲಿ ನಿಂತಿತ್ತು.

ಅಡ್ಡಗೆರೆ ಎಳೆದ ಜೋಡಿಗಳು ನೆನಪಾದವು, ಸೀಟಿನಿಂದ ಎದ್ದು ನಿಂತೆ.

ನಾವು ಆಕಾಶದ ಸುತ್ತ ಬಸ್ಸಿನಲ್ಲಿ ತಿರುಗಲಾರೆವು.

ಇಳಿದು ಎದುರಿನ ಬಸ್ಸು ಹತ್ತಿ ಕಚೇರಿಗೆ ವಾಪಸು ಹೋದೆ. ಪರೀಕ್ಷೆ ಮಾಡುವವರ ಕಣ್ಣು ಪಕ್ಷಪಾತ ಮಾಡಬಾರದು ಎಂದು ಗೊಂಚಲುಗಳ ದೂರದ ಕಾಲಮ್ಮನ್ನು ನಮ್ಮಿಂದ ಮುಚ್ಚಿಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ತೆರೆದಿದ್ದಾರೆ. ನಾನು ಅಡ್ಡಗೆರೆ ಎಳೆದ ಮೊದಲ ಜೋಡಿ ನೋಡಿದೆ. ಒಂದರ ದೂರ ಮುನ್ನೂರು ಕೋಟಿ ಜ್ಯೋತಿರ್ವರ್ಷ. ಇನ್ನೊಂದರದು ಏಳುನೂರು ಕೋಟಿ.

ಒಂದೇ ಗೊಂಚಲಲ್ಲ. ಒಂದರ ಹಿಂದೆ ಒಂದು. ಹಿಂದಿನದು ಹೆಚ್ಚು ಕೆಂಪಗಿದೆ; ಈಗ ಕಾಣುತ್ತಿದೆ, ಆಗ ಯಾಕೆ ಕಾಣಲಿಲ್ಲ?

ಮೂವತ್ತನಾಲ್ಕನ್ನೂ ನೋಡಿದೆ. ಮೂರು ನಿಜವಾಗಿಯೂ ಪುನರಾವೃತ್ತಿ. ಉಳಿದ ಮೂವತ್ತೊಂದು ಆಕಾಶದಲ್ಲಿ ಇರುವ ಗೊಂಚಲುಗಳು. ಎಲ್ಲವೂ ದೂರದವು. ಸೊಸೆಗೆ ಹೆಚ್ಚು ಬೇಕಾದದ್ದು ಆ ದೂರದ ಕಾಲವೇ.

ಏಪ್ರಿಲ್ 23, ಬುಧವಾರ

ಒಂಬತ್ತು ಸಾವಿರದಲ್ಲಿ ಮೂವತ್ತೊಂದು ಏನು ಮಹಾ.

ಇನ್ನು ಐದು ದಿನ. ಈಗ ಬಾಯಿ ಬಿಟ್ಟರೆ ಮುಚ್ಚಳ ತೆಗೆಯುವುದು ಮುಂದೆ ಹೋಗುತ್ತದೆ, ಸಮ್ಮೇಳನ ಕೈತಪ್ಪುತ್ತದೆ, ಆ ಇನ್ನೊಂದು ತಂಡ ಮೊದಲು ಹೇಳಿಬಿಡುತ್ತದೆ. ಅವಳ ಒಳ್ಳೆಯದಕ್ಕೇ ಸುಮ್ಮನಿರಬಹುದಲ್ಲ.

ಈ ಮೇಲಿನ ಸಾಲನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಏನು ಬರೆಯುತ್ತಿದ್ದೆ ಎಂದು ನನಗೆ ಗೊತ್ತು.

ಏಪ್ರಿಲ್ 24, ಗುರುವಾರ

ಬೆಳಗ್ಗೆ ಹೆಂಡತಿ ಎದುರು ಬಂದು ಕೂತಳು.

"ಏನಾಗಿದೆ ನಿಮಗೆ?"

"ಏನೂ ಇಲ್ಲ."

"ನಿನ್ನೆಯಿಂದ ಯಾರನ್ನೂ ಬೈದಿಲ್ಲ. ಚಹಾ ಚೆನ್ನಾಗಿದೆ ಅಂದ್ರಿ, ಸಕ್ಕರೇನೇ ಹಾಕಿರಲಿಲ್ಲ. ಪತ್ರಿಕೆ ಮಡಿಕೆ ಬಿಚ್ಚದೆ ಹಾಗೇ ಬಿದ್ದಿದೆ. ಡಾಕ್ಟರ ಹತ್ತಿರ ಹೋಗೋಣ ಏಳಿ."

ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಅವಳು ಹೀಗೆ ನಡುವೆ ಬಾಯಿ ಹಾಕದೆ ಕೇಳಿದ್ದು ಮದುವೆಯಾದ ಮೇಲೆ ಎರಡನೆಯ ಸಲ.

"ಯಾರಿಗಾದ್ರೂ ಗೊತ್ತಾಗುತ್ತಾ?"

"ಇಲ್ಲ. ಯಾರೂ ಮತ್ತೆ ನೋಡೋದಿಲ್ಲ."

"ಹಾಗಾದ್ರೆ ನಿಮಗೊಬ್ಬರಿಗೇ ಗೊತ್ತಿರುತ್ತೆ. ನೀವೋ, ಮೂವತ್ತು ವರ್ಷದ ಹಿಂದೆ ನನ್ನಣ್ಣ ಮಗಳ ಮದುವೆ ಕರೆಯೋಲೇಲಿ ಮುಹೂರ್ತ ತಪ್ಪು ಬರೆದದ್ದನ್ನೇ ಇನ್ನೂ ಮರೆತಿಲ್ಲ. ಇದನ್ನ ಇಟ್ಟುಕೊಂಡು ನನ್ನ ಜತೆ ಸಂಸಾರ ಮಾಡ್ತೀರಾ? ನನ್ನ ಕೈಲಾಗಲ್ಲಪ್ಪ. ಅವಳು ಸ್ನಾನ ಮುಗಿಸಿ ಬರ್ತಾಳೆ. ನೀವು ಹೇಳ್ತೀರೋ, ನಾನು ಹೇಳ್ಲೋ?"

ಸೊಸೆ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಬಂದಳು. ನಿಂತುಕೊಂಡೇ ಹೇಳಿದೆ. ಮೂವತ್ತೆಂಟು ವರ್ಷ ಸಂಪಾದಕರ ಮುಂದೆ ನಿಂತು ಬೇರೆಯವರ ತಪ್ಪುಗಳನ್ನೇ ಹೇಳಿದವನು. ನನ್ನದನ್ನು ಹೇಳುವಾಗ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಅವಳ ಮುಖ ಬಿಳಚಿಕೊಂಡಿತು. ಕುರ್ಚಿಯ ಅಂಚಿನಲ್ಲಿ ಕೂತಳು. "ಎಷ್ಟು?"

"ಮೂವತ್ತೊಂದು. ಮೂರು ಮಾತ್ರ ನಿಜವಾದ ಪುನರಾವೃತ್ತಿ." ಆ ಮೂರನ್ನು ಹೇಳದೆ ಇರಲು ಆಗಲಿಲ್ಲ.

"ಯಾವ ಯಾವ ಸಂಖ್ಯೆ ಅಂತ…"

ರಟ್ಟಿನ ಪುಸ್ತಕವನ್ನು ಮುಂದಿಟ್ಟೆ. ಸಂಖ್ಯೆ, ಕಾರಣ, ವೇಳೆ, ಸಹಿ. ಪುಟ ತಿರುವುತ್ತ ಹೋದ ಹಾಗೆ ಅವಳ ಮುಖಕ್ಕೆ ರಕ್ತ ಮರಳಿತು. "ಕಂಪ್ಯೂಟರಲ್ಲಿ 'ತಪ್ಪು' ಅಂತ ಗುರುತು ಮಾತ್ರ ಇರುತ್ತೆ ಮಾವ, ಕಾರಣ ಇರಲ್ಲ. ಇದಿಲ್ಲದೇ ಇದ್ದಿದ್ರೆ ತೆಗೆದುಹಾಕಿದ ಏಳುನೂರು ಚಿತ್ರಾನೂ ಮತ್ತೆ ನೋಡಬೇಕಿತ್ತು." ಆಮೇಲೆ ಕಿಟಕಿಯ ಕಡೆ ತಿರುಗಿ, "ಸಮ್ಮೇಳನಕ್ಕೆ ಮಾತ್ರ ಉತ್ತರ ಸಿದ್ಧ ಆಗಲ್ಲ" ಅಂದಳು.

ಹೆಂಡತಿ ಹೋಗಿ ಅವಳ ಕೂದಲು ಒರೆಸತೊಡಗಿದಳು.

ಏಪ್ರಿಲ್ 25, ಶುಕ್ರವಾರ

ಎಲ್ಲರೆದುರು ನಾನೇ ಹೇಳುತ್ತೇನೆ ಎಂದು ಹಟ ಹಿಡಿದೆ. ಐದು ಮೇಜಿನವರೂ ತಿರುಗಿ ಕೂತರು. ಮೌನಿಯನ್ನೂ ಕರೆಸಿದ್ದರು, ಬಾಗಿಲ ಹತ್ತಿರ ನಿಂತಿದ್ದ. ನಾನು ಹೇಳಿ ಮುಗಿಸುವ ಹೊತ್ತಿಗೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದು, ಎರಡೂ ಕೈಯಲ್ಲಿ ಮುಚ್ಚಿಕೊಂಡು ಹೊರಗೆ ಓಡಿದ. ವಿಚಿತ್ರ ಮನುಷ್ಯ.

ಹೆಣಿಗೆಯಮ್ಮ ಸೂಜಿ ಕೆಳಗಿಟ್ಟರು. "ಸಹಿ ಹಾಕಿದ್ದು ನಾನು. ಬಣ್ಣ ನೋಡಬೇಕಿತ್ತು, ದೂರ ನೋಡಬೇಕಿತ್ತು. ಮೂವತ್ತೆಂಟು ವರ್ಷ ಅಂದ್ರಿ, ನೋಡಲಿಲ್ಲ." ಆಮೇಲೆ ಉಣ್ಣೆಯ ಉಂಡೆ ಸರಿಸಿಟ್ಟು, "ಒಂದು ಸಲ ನನಗೂ ಹೀಗೇ ಆಗಿತ್ತು. ನಾನು ಹೇಳಲಿಲ್ಲ. ಇಪ್ಪತ್ತಾರು ವರ್ಷ ಆಯ್ತು, ಪ್ರತಿ ವಾರ ನೆನಪಾಗುತ್ತೆ" ಅಂದರು. ಮತ್ತೆ ಸೂಜಿ ಎತ್ತಿಕೊಂಡು ಮುಚ್ಚಳ ತೆಗೆಯುವ ದಿನವನ್ನು ಮೇ ಎಂಟಕ್ಕೆ ಹಾಕಿದರು.

ಮೂವತ್ತೊಂದನ್ನೂ ಮತ್ತೆ ಸೇರಿಸುವ ಕೆಲಸ ಶುರುವಾಯಿತು. ಪ್ರತಿಯೊಂದನ್ನೂ ಇಬ್ಬರು ಪ್ರತ್ಯೇಕವಾಗಿ ನೋಡಬೇಕು, ಅದರ ತೂಕ ಅಳೆಯಬೇಕು. ನನಗೆ ಕೊಡುವುದಿಲ್ಲ ಅಂದುಕೊಂಡಿದ್ದೆ. ಸೊಸೆ ಕುರ್ಚಿ ಎಳೆದು, "ಬನ್ನಿ ಮಾವ, ಅರ್ಧ ನಿಮ್ಮದು" ಅಂದಳು.

ಮೇ 2, ಶುಕ್ರವಾರ

ಸಮ್ಮೇಳನದ ನೇರ ಪ್ರಸಾರವನ್ನು ಮನೆಯವರೆಲ್ಲ ಕೂತು ನೋಡಿದೆವು. ಸೊಸೆ ವೇದಿಕೆ ಹತ್ತಿ, ಹೇಗೆ ಎಣಿಸಿದೆವು ಎಂಬುದನ್ನೆಲ್ಲ ಹೇಳಿ, ಕೊನೆಗೆ, "ಉತ್ತರ ಇನ್ನೂ ಮುಚ್ಚಿದೆ. ಪರೀಕ್ಷೆಯಲ್ಲಿ ಒಂದು ತಪ್ಪು ಸಿಕ್ಕಿತು, ಅದನ್ನ ಸರಿಮಾಡ್ತಿದ್ದೀವಿ" ಅಂದಳು. ಸಭೆಯಲ್ಲಿ ಯಾರೋ ನಕ್ಕರು. ಟೀವಿಯೊಳಗೆ ಕೈ ಹಾಕಿ ಅವನ ಕಾಲರು ಹಿಡಿಯಬೇಕೆನಿಸಿತು. ನಂತರ ಆ ಇನ್ನೊಂದು ತಂಡದವನು ಬಂದು ಅವರ ಉತ್ತರ ಹೇಳಿದ. ಕಪ್ಪು ಶಕ್ತಿಯ ಬಲ ಅಂದೂ ಇಂದೂ ಒಂದೇ, ಬದಲಾವಣೆ ಕಾಣುವುದಿಲ್ಲ. ಜನ ಚಪ್ಪಾಳೆ ತಟ್ಟಿದರು.

ಸಂಜೆ ಫೋನಿನಲ್ಲಿ, "ಬೇಜಾರಾಯ್ತಾ?" ಎಂದು ಕೇಳಿದೆ.

"ಆಯ್ತು" ಅಂದಳು. "ಒಂದು ಗಂಟೆ. ಆಮೇಲೆ ಹಸಿವಾಯ್ತು."

ಈ ಹುಡುಗಿಯನ್ನು ನಮ್ಮ ಮನೆಗೆ ತಂದದ್ದು ಮಗ ಮಾಡಿದ ಒಂದೇ ಒಂದು ಬುದ್ಧಿವಂತ ಕೆಲಸ. ಇದನ್ನು ಅವನಿಗೆ ಹೇಳುವುದಿಲ್ಲ.

ಮೇ 8, ಗುರುವಾರ

ಹನ್ನೊಂದು ಗಂಟೆಗೆ ಎಲ್ಲರೂ ಸೇರಿದೆವು. ಹೆಂಡತಿಯೂ ಬಂದಿದ್ದಳು, ಬಿಸ್ಕತ್ತಿನ ದೊಡ್ಡ ಡಬ್ಬಿ ಹೊತ್ತು ಮೂರು ಮಹಡಿ ಹತ್ತಿ, ಲಿಫ್ಟನ್ನು ನನಗಿಂತ ಚೆನ್ನಾಗಿ ಬೈದಳು. ಸೊಸೆ ಬೀಗದ ಪದ ಒತ್ತಿದಳು. ಪರದೆಯ ಮೇಲೆ ಗೆರೆಯೊಂದು ಮೂಡಿತು. ಅಡ್ಡಡ್ಡ, ನೇರ, ನೆಟ್ಟಗೆ. ಅಂದೂ ಇಂದೂ ಒಂದೇ. ಆ ಇನ್ನೊಂದು ತಂಡ ಹೇಳಿದ್ದೇ ನಮ್ಮದೂ.

"ಅಷ್ಟೇನಾ?" ಅಂದಳು ಹೆಂಡತಿ.

"ಅಷ್ಟೇ ಅತ್ತೆ." ಸೊಸೆ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಅವರು ಬೇರೆ ದುರ್ಬೀನಿನಲ್ಲಿ ಬೇರೆ ಆಕಾಶ ನೋಡಿದವರು, ನಾವು ಬೇರೆ ಕಡೆಯಿಂದ ಎಣಿಸಿದವರು; ಎರಡೂ ಒಂದೇ ಕಡೆ ಬಂದು ನಿಂತಿವೆ.

ಆಗ ಮೌನಿ ಬಾಯಿ ಬಿಟ್ಟ. ಅವನ ದನಿ ಕೇಳಿದ್ದು ಇದೇ ಮೊದಲು, ಇಷ್ಟು ದಪ್ಪ ದನಿ ಎಂದು ಎಣಿಸಿರಲಿಲ್ಲ. "ಹಳೇ ಪಟ್ಟಿಯ ಉತ್ತರ ಒಂದು ಸಲ ತೋರಿಸಿಬಿಡ್ತೀನಿ. ಏಪ್ರಿಲ್ ಮೊದಲಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಉಬ್ಬಿ ಹೋಗಿದ್ದೀನಿ."

ತೋರಿಸಿದ. ಗೆರೆ ನೆಟ್ಟಗಿರಲಿಲ್ಲ. ಹಿಂದಿನ ಕಾಲದ ಕಡೆ ಸೊಟ್ಟಗೆ ಬಾಗಿತ್ತು. ಕಪ್ಪು ಶಕ್ತಿ ಬದಲಾಗುತ್ತ ಬಂದಿದೆ ಎಂದು ಹೇಳುವ ಗೆರೆ.

"ಈ ವರ್ಷದ ಅತಿ ದೊಡ್ಡ ಸುದ್ದಿ ಆಗ್ತಿತ್ತು" ಎಂದರು ಹೆಣಿಗೆಯಮ್ಮ. "ಒಂದು ವರ್ಷ ಎಲ್ಲ ಕಡೆ ನಮ್ಮ ಫೋಟೊ. ಆಮೇಲೆ ಹತ್ತು ವರ್ಷ ಕ್ಷಮೆ ಕೇಳೋ ಕೆಲಸ."

"ಆ ಫೋಟೊ ಕೆಳಗೆ ನಿಮ್ಮ ಹೆಸರೂ ತಪ್ಪಾಗೇ ಅಚ್ಚಾಗ್ತಿತ್ತು ಬಿಡಿ" ಎಂದು ಹೆಂಡತಿ ಬಿಸ್ಕತ್ತಿನ ಡಬ್ಬಿ ತೆರೆದಳು. ಮೊದಲು ನಕ್ಕವನು ಮೌನಿ. ಅವನ ನಗು ನಿಲ್ಲಿಸುವುದೇ ಕಷ್ಟವಾಯಿತು.

ಎಂಟು ಬಿಸ್ಕತ್ತು ತಿಂದೆ ಎಂದು ಹೆಂಡತಿ ಲೆಕ್ಕ ಇಟ್ಟಿದ್ದಾಳೆ. ಆರು.

ಜೂನ್ 10, ಮಂಗಳವಾರ

ಹೊಸ ಪಟ್ಟಿ ಬಂದಿದೆ, ನಲವತ್ತು ಸಾವಿರ ಚಿತ್ರ. ಪರೀಕ್ಷೆ ಮಾಡಲು ಹೊಸಬರು ಹನ್ನೊಂದು ಮಂದಿ. ಅವರಿಗೆ ಪಾಠ ಹೇಳುವ ಕೆಲಸ ನನಗೆ ಬಂತು. ನಾಲ್ಕು ಪುಟ ನಿಯಮ ಬರೆದುಕೊಂಡು ಹೋಗಿದ್ದೆ. ಜೇಬಿನಿಂದ ತೆಗೆಯಲೇ ಇಲ್ಲ. ಆ ಮೊದಲ ಜೋಡಿಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ, "ಇಲ್ಲಿ ಎಷ್ಟು ಗೊಂಚಲಿದೆ?" ಎಂದು ಕೇಳಿದೆ.

"ಒಂದು" ಅಂದರು ಹತ್ತು ಜನ.

ಹಿಂದಿನ ಸಾಲಿನಲ್ಲಿ ಕೂತಿದ್ದಾಕೆ ಎದ್ದು ನಿಂತಳು. ಮೂವತ್ತು ವರ್ಷ ಬಟ್ಟೆ ಹೊಲಿದು ಅಂಗಡಿ ಮುಚ್ಚಿದವಳು. "ಎರಡಿದೆ ಸಾರ್. ಹಿಂದಿನದರ ಕೆಂಪು ಬೇರೆ. ಒಂದೇ ಥಾನಿನ ಸುರುಳಿ ಅಂತ ಎರಡು ಥಾನಿನ ಬಟ್ಟೆ ಕೊಟ್ಟು ನನಗೆ ಎಷ್ಟು ಜನ ಮೋಸ ಮಾಡಿಲ್ಲ!"

"ಸರಿ ಹೇಳಿದ್ರಿ" ಅಂದೆ. "ನಾನು ಒಂದು ಅಂದಿದ್ದೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಹಾಗೆ ಮೂವತ್ತೊಂದು ಸಲ." ಉಳಿದ ಕಥೆಯನ್ನೂ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಲ್ಪ ಹೆಚ್ಚೇ ನಗಲಿ ಎಂದು ಮೌನಿಯ ಓಟವನ್ನೂ ಮಾಡಿ ತೋರಿಸಿದೆ.

ಮುಗಿದ ಮೇಲೆ ಆ ಹೊಲಿಗೆಯಾಕೆ ಬಾಗಿಲಲ್ಲಿ ತಡೆದಳು. "ಸಾರ್, ಆ ಮೂವತ್ತೊಂದು… ಎಲ್ಲಾ ವಾಪಸು ಬಂದವಾ? ಒಂದೂ ಹೋಗಲಿಲ್ಲ ತಾನೆ?" ನಿಜವಾದ ಕಳವಳದಿಂದ ಕೇಳಿದಳು.

"ಎಲ್ಲೂ ಹೋಗಿಲ್ಲಮ್ಮ" ಅಂದೆ. "ನಾನು ಅಡ್ಡಗೆರೆ ಎಳೆದಾಗಲೂ ಅವು ಅಲ್ಲೇ ಇದ್ದವು."